ಮೂಕಮ್ಮನ ಸಾಲು

ಸಾಮುವೇಲಪ್ಪ ಮೇಷ್ಟ್ರು ಹಾರ್ಮೋನಿಯಮ್ಮನ್ನು ಎದೆಗೆ ಅವುಚಿಕೊಂಡು ಕ್ರೈಸ್ತ ದೇವಾಲಯದ ಮೆಟ್ಟಿಲು ಹತ್ತುತ್ತಿದ್ದಾಗ ಪ್ರೇಮಮ್ಮ ಬಂದು ಅಡ್ಡ ನಿಂತಳು.

“ಮೇಷ್ಟ್ರೇ, ಒಂದು ಮಾತು.”

“ಭಾರ ಐತಮ್ಮ. ಇಳಿಸಿ ಕೇಳ್ತೀನಿ.”

“ಇಳಿಸಿದ ಮ್ಯಾಲೆ ನೀವು ಯಾರ ಮಾತೂ ಕೇಳಲ್ಲ. ಹೊತ್ಕೊಂಡಿದ್ದಾಗ್ಲೇ ಹೇಳ್ತೀನಿ.”

ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಾವಿನ ದಿನ ನಗಬಾರದೆಂದು ಅವರಿಗೆ ತಿಳಿಯದೆ ಇರಲಿಲ್ಲ. ಆದರೆ ಸತ್ತವಳು ಮೂಕಮ್ಮ. ಹಿಂದಿನ ದಿನ ಬೆಳಿಗ್ಗೆ ಹೊನ್ನಾಳಿಯ ಬೀದಿಬೀದಿ ತಿರುಗಿ ಸೊಪ್ಪು ಮಾರಿ, ಮಧ್ಯಾಹ್ನ ಮುದ್ದೆ ಉಂಡು, ಬುಟ್ಟಿಯ ಪಕ್ಕದಲ್ಲಿ ಒರಗಿದವಳು ಮತ್ತೆ ಏಳಲಿಲ್ಲ. ಅಷ್ಟು ಸಲೀಸಾಗಿ ಹೊರಟುಹೋದವಳಿಗಾಗಿ ಎದೆ ಬಡಿದುಕೊಳ್ಳುವುದು ಓಣಿಯವರಿಗೆ ಒಗ್ಗಲಿಲ್ಲ. ಅಳು ಬಂದಾಗ ಅತ್ತರು. ಅವಳ ಮಾತು ನೆನಪಾದಾಗ ನಕ್ಕರು.

ಪ್ರೇಮಮ್ಮ ಅವಳ ಒಬ್ಬಳೇ ಮಗಳು. ಚನ್ನಗಿರಿಗೆ ಕೊಟ್ಟಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು.

“ಅವ್ವನ್ನ ಮಣ್ಣಿಗೆ ಒಯ್ಯುವಾಗ ಓಣಿನಾಗೆ ಬಾಗಿಲ ಹಾಡು ಹಾಡಿಸ್ಬೇಕ್ರಿ, ಮನೆಗೊಂದು ಸಾಲು. ಅವ್ವಗೆ ಮಾತು ಕೊಟ್ಟೀನಿ.”

“ಒಳಗೆ ಹಾಡ್ತೀವಲ್ಲ. ದಾವಣಗೆರೆಯಿಂದ ಪಾದ್ರಿ ದೊಡ್ಡಯ್ಯನೋರು ಬರ್ತಾರೆ. ಅದು ನಮ್ಮಪ್ಪ ಕಟ್ಟಿದ ಕೀರ್ತನೆ. ಇವತ್ತೊಂದು ದಿನನಾದ್ರೂ ಅವರು ಕಟ್ಟಿದಂಗೆ ಹಾಡಾಣ.”

“ಒಳಗೆ ನಿಮ್ಮಪ್ಪನ ಧಾಟಿನಾಗೆ ಹಾಡ್ರಿ. ಹೊರಗೆ ಅವ್ವನ ಧಾಟಿನಾಗೆ ಹಾಡ್ರಿ.”

“ಅದು ಧಾಟಿ ಅಲ್ಲಮ್ಮ, ಸೊಪ್ಪಿನ ಕೂಗು. ಉಳಿದೋರು ಬೇಕಾದ್ರೆ ಹಾಡ್ಕಳ್ಳಿ. ನನ್ನ ಬಾಗಿಲಾಗೆ ನಾನು ಬಾಯಿ ತೆಗೆಯಲ್ಲ.”

“ನಿಮ್ಮನೆ ಆದ ಮ್ಯಾಲೆ ನಮ್ಮನೆ. ನಮ್ಮನೇಲಿ ಈಗ ಹಾಡೋರಿಲ್ಲ. ನೀವೂ ಸುಮ್ನಾದ್ರೆ ಹಾಡು ತಿರುವು ದಾಟಾದು ಹೆಂಗೆ? ಕೆಳಗಿನೋರು ಕಾಯ್ತಾನೇ ಇರ್ತಾರೆ.”

“ನಿಮ್ಮನೆ ಸಾಲು ನೀನೇ ಹಾಡು.”

“ನಾನಾ? ಇಸ್ಕೂಲ್ನಾಗೆ ನೀವೇ ಅಲ್ವಾ ಹೇಳಿದ್ದು, ಪ್ರೇಮ, ನೀನು ಬರೀ ತುಟಿ ಆಡಿಸು, ದನಿ ಬ್ಯಾಡ ಅಂತ.”

ಹೆಂಗಸರು ಈ ಸಲ ಬಾಯಿ ಮುಚ್ಚಿಕೊಳ್ಳದೆ ನಕ್ಕರು. ಮೇಷ್ಟ್ರು ಹಾರ್ಮೋನಿಯಂ ಹೊತ್ತು ಒಳಗೆ ಹೋದರು.

ಓಣಿಯ ತಿರುವಿನಲ್ಲಿ ಮೂಕಮ್ಮನ ಎದುರುಮನೆಯ ಸರ್ವಮಂಗಳಮ್ಮ ಪ್ರೇಮಮ್ಮನನ್ನು ಹತ್ತಿರ ಕೂರಿಸಿಕೊಂಡಳು. ಅವರು ದೇವಾಲಯದ ಸಭೆಯವರಲ್ಲ, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟ ಲಿಂಗಾಯತರು. ಆದರೂ ಸುದ್ದಿ ತಿಳಿದ ಗಳಿಗೆಯಿಂದ ಅವಳು ಮನೆಗೂ ಇಲ್ಲಿಗೂ ಓಡಾಡುತ್ತಲೇ ಇದ್ದಳು.

“ನಿಮ್ಮತ್ತೆ ಕಲ್ಲಮ್ಮನೋರಿಗೆ ಹೇಳಿದ್ರಾ ಅಕ್ಕಾ?” ಎಂದಳು ಪ್ರೇಮಮ್ಮ.

“ಹೇಳ್ದೆ ಕಣೆ. ಹೋದ್ಲಾ ನನ್ನ ಮೂಕವ್ವ ಅಂತ ಅತ್ತರು. ಆಮ್ಯಾಲೆ ಎದ್ದು ಮುಖ ತೊಳ್ಕಂಡು, ಸೊಪ್ಪಿನೋಳು ಇನ್ನೂ ಯಾಕೆ ಬರಲಿಲ್ಲ ಅಂತ ಕೇಳಿದ್ರು. ಮತ್ತೆ ಹೇಳ್ದೆ. ಮತ್ತೆ ಅತ್ತರು. ಮೂರನೇ ಸಲ ಹೇಳಾಕೆ ನನಗೇ ಮನಸ್ಸಾಗಲಿಲ್ಲ. ಬರ್ತಾಳೆ ಬಿಡ್ರಿ ಅತ್ತೆ ಅಂದ್ಬಿಟ್ಟೆ.”

*

ಎಂಬತ್ತೊಂದನೆಯ ಇಸವಿಯಲ್ಲಿ ಕಣ್ಣುಬೇನೆ ಬಂದಿತ್ತು. ದೇಶದೇಶಗಳನ್ನು ಸುತ್ತಿ ಬಂದ ಬೇನೆ ಎಂದು ಪತ್ರಿಕೆಯವರು ಬರೆದರು. ಹೊನ್ನಾಳಿಗೆ ಮಾತ್ರ ಅದು ಶಿವಮೊಗ್ಗದ ಬಸ್ಸಿನಲ್ಲಿ ಬಂದಿತೆಂದೇ ಎಲ್ಲರೂ ನಂಬಿದ್ದರು. ಒಬ್ಬರಿಗೆ ಕಣ್ಣು ಕೆಂಪಾದರೆ ಮರುದಿನ ಮನೆಮಂದಿಗೆಲ್ಲ ಕೆಂಪು. ಬೆಳಿಗ್ಗೆ ಏಳುವಾಗ ಎವೆಗಳು ಅಂಟಿಕೊಂಡು ತೆರೆಯುತ್ತಿರಲಿಲ್ಲ. ಬೇನೆ ಬಂದವರ ಮುಖ ನೋಡಿದರೂ ಬರುತ್ತದೆಂದು ಹೆದರಿ ಜನ ಎದುರಾದಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅಂಗಡಿಗಳಲ್ಲಿ ಕಪ್ಪು ಕನ್ನಡಕ ಖರ್ಚಾಗಿಹೋಯಿತು. ಜನ ಸೇರಬಾರದೆಂದು ಡಂಗುರವಾಯಿತು. ಆಗಿನ ಅಯ್ಯನವರು ಒದ್ದೆ ಕರವಸ್ತ್ರದಿಂದ ಕಣ್ಣು ಮುಚ್ಚಿಕೊಂಡೇ ತಡಕಾಡಿ ದೇವಾಲಯಕ್ಕೆ ಬೀಗ ಹಾಕಿದರು.

ಸಭೆಯವರ ಮನೆಗಳೆಲ್ಲ ದೇವಾಲಯದಿಂದ ಹೊಳೆಯ ಕಡೆಗೆ ಇಳಿಯುವ ಒಂದೇ ಓಣಿಯಲ್ಲಿದ್ದವು. ಓಣಿಯ ನಡುವೆ ಒಂದು ತಿರುವು. ತಿರುವಿನ ಮೇಲೆ ಮೂಕಮ್ಮನ ಮನೆ. ಅದಕ್ಕೆ ಅಂಟಿಕೊಂಡು ಮೇಲುಬದಿಗೆ ಮೇಷ್ಟ್ರ ಮನೆ. ಮೇಲಿನವರು ಎಷ್ಟು ಕೂಗಿದರೂ ತಿರುವಿನ ಕೆಳಗಿನವರಿಗೆ ಕೇಳಿಸುತ್ತಿರಲಿಲ್ಲ.

ಮೊದಲ ಭಾನುವಾರ ಗಂಟೆ ಬಾರಿಸಲಿಲ್ಲ. ಓಣಿಯವರು ತಮ್ಮ ತಮ್ಮ ಕತ್ತಲೆ ಕೋಣೆಗಳಲ್ಲಿ ಕುಳಿತು, ಹೊತ್ತು ಎಷ್ಟಾಯಿತೆಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಎರಡನೆಯ ಭಾನುವಾರ ಮೂಕಮ್ಮ ಜಗುಲಿಗೆ ಬಂದು ಕುಳಿತಳು. ಊರೆಲ್ಲ ತಿರುಗುವವಳಾದ್ದರಿಂದ ಅವಳಿಗೆ ಎಲ್ಲರಿಗಿಂತ ಮೊದಲೇ ಬೇನೆ ಬಂದು ಮೊದಲೇ ಬಿಟ್ಟಿತ್ತು.

“ಮೇಷ್ಟ್ರಣ್ಣ, ಒಂದು ಸಾಲು ಎತ್ತಿಕೊಡು. ಆರಾಧನೆ ಇಲ್ಲದೆ ಭಾನುವಾರ ಅನ್ನಿಸವಲ್ದು.”

ಮೇಷ್ಟ್ರು ಒಳಗಿಂದ, “ಕಣ್ಣೇ ಕಾಣ್ತಿಲ್ಲ, ಪುಸ್ತಕ ಹೆಂಗೆ ನೋಡ್ಲಿ?” ಎಂದರು.

“ನಿಮ್ಮಪ್ಪನ ಪದಕ್ಕೆ ನಿನಗೆ ಪುಸ್ತಕ ಬೇಕಾ?”

ಮೇಷ್ಟ್ರಿಗೆ ಆ ಮಾತು ನಾಟಿತು. ಅವರ ತಂದೆ ಈ ಸಭೆಯ ಉಪದೇಶಿಯಾಗಿದ್ದವರು. ಬೇಸಿಗೆಯಲ್ಲಿ ನಡೆದು, ಮಳೆಗಾಲದಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋಗುತ್ತಿದ್ದಾಗ ಕಟ್ಟಿದ ಕೀರ್ತನೆ ಅದು. ಬಾಗಿಲಿಗೆ ಬಂದು, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಮೊದಲ ಸಾಲು ಹಾಡಿದರು.

“ಹೊಳೆ ದಾಟಿಸುವವನೇ, ಕೈ ಹಿಡಿದು ನಡೆಸೋ.”

ಸಾಲಿನ ಕೊನೆಯಲ್ಲಿ ದನಿ ಮೆಲ್ಲಗೆ ಇಳಿದು ದಡಕ್ಕೆ ಮುಟ್ಟಿದಂತೆ ನಿಲ್ಲಬೇಕು. ಅವರ ತಂದೆ ಕಲಿಸಿದ್ದು ಹಾಗೆ. ಎರಡನೆಯ ಸಾಲನ್ನು ಮೂಕಮ್ಮ ತೆಗೆದುಕೊಂಡಳು.

“ದಡ ಕಾಣದ ಹೊತ್ತಿಗೆ ದನಿಗೊಟ್ಟು ಕರೆಯೋ...”

ಅವಳ ದನಿ ಇಳಿಯಲಿಲ್ಲ. ‘ಹರಿವೆ ಸೊಪ್ಪೋ’ ಎಂದು ಕೂಗುವಾಗ ಹೇಗೋ ಹಾಗೆ, ಕೊನೆಯಲ್ಲಿ ಎದ್ದು ಮೇಲಕ್ಕೆ ಹೋಗಿ, ಅಲ್ಲೇ ನಿಂತು, ತಿರುವು ಬಳಸಿ ಕೆಳಗಿಳಿಯಿತು. ಕೆಳಗಿನ ಮನೆಯ ಗಾದ್ರಮ್ಮ ಮೂರನೆಯ ಸಾಲು ಎತ್ತಿಕೊಂಡಳು. ಹಾಗೆ ಬಾಗಿಲಿನಿಂದ ಬಾಗಿಲಿಗೆ ಹಾಡು ಹೊಳೆಯ ದಂಡೆಯ ಅಂಜಿನಪ್ಪನವರೆಗೂ ಹೋಯಿತು.

“ಮೂಕಮ್ಮ, ಸಾಲಿನ ಕೊನೆ ಇಳಿಸು. ಏರಿಸಬ್ಯಾಡ.”

“ಇಳಿಸಿದ್ರೆ ಗಾದ್ರಿ ಮನೆಗೆ ಕೇಳಂಗಿಲ್ಲ ಮೇಷ್ಟ್ರಣ್ಣ. ಇಳಿಸಿ ಕೂಗಿದ್ರೆ ನನ್ನ ಸೊಪ್ಪು ಯಾರು ತಗಂತಾರೆ?”

ಅಷ್ಟರಲ್ಲಿ ಎದುರಿನ ಮನೆಯ ಕಲ್ಲಮ್ಮ ಮೊರ ಹಿಡಿದು ಬಾಗಿಲಿಗೆ ಬಂದು, “ಭಾನುವಾರಾನೂ ಸೊಪ್ಪು ತಂದ್ಯೇನೇ ಮೂಕವ್ವ?” ಎಂದು ಕೇಳಿದಳು. ಕಣ್ಣು ಬಿಡಲಾರದ ಓಣಿ ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬೇನೆ ಬಿಡುವವರೆಗೂ ಪ್ರತಿ ಭಾನುವಾರ ಹಾಗೆಯೇ ನಡೆಯಿತು. ಮೇಲಿನ ಮನೆಗಳವರೂ ಸೇರಿಕೊಂಡರು; ಪಲ್ಲವಿಯ ಮೊದಲ ಸಾಲು ಮಾತ್ರ ಮೇಷ್ಟ್ರ ಬಾಗಿಲಿಗೇ, ಎರಡನೆಯದು ಮೂಕಮ್ಮನ ಬಾಗಿಲಿಗೇ ಬರುತ್ತಿತ್ತು. ಯಾವ ಬಾಗಿಲಿನ ಸಾಲು ಬರಲಿಲ್ಲವೋ ಆ ಮನೆಯಲ್ಲಿ ಯಾರೋ ಮಲಗಿದ್ದಾರೆಂದು ಓಣಿಗೆ ತಿಳಿಯುತ್ತಿತ್ತು. ಹಾಡು ಮುಗಿದ ಮೇಲೆ ಮೂಕಮ್ಮ ಹಿತ್ತಿಲಿನ ನಂದಿಬಟ್ಟಲು ಹೂ ಕೊಯ್ದು, ಕಣ್ಣಿಗೆ ತಂಪೆಂದು ಆ ಮನೆಯ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳು. ಒಂದು ಭಾನುವಾರ ಅಂಜಿನಪ್ಪನ ಸಾಲು ಬರಲಿಲ್ಲ. ಒಂಟಿ ಜೀವ. ಓಣಿಯೆಲ್ಲ ಗಾಬರಿಯಾಯಿತು. ಮೂಕಮ್ಮ ಓಡಿಹೋಗಿ ನೋಡಿದರೆ ಅವನು ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಅವಳು ಕಂಬಳಿ ಕಿತ್ತೆಸೆದು, “ಏಳೋ, ನಿನ್ನ ಸಾಲು ಬಂದು ಬಾಗಿಲಾಗೆ ನಿಂತೈತೆ” ಎಂದದ್ದು ತಿರುವಿನ ಮೇಲಿನವರಿಗೂ ಕೇಳಿಸಿತು.

ಬೇನೆ ಹೋಯಿತು, ಬೀಗ ತೆರೆಯಿತು. ಆದರೆ ಸಭೆಯ ಗಂಟಲಿನಿಂದ ಆ ಏರು ಹೋಗಲಿಲ್ಲ. ದೇವಾಲಯದೊಳಗೆ ಕುಳಿತೂ ಎಲ್ಲರೂ ಸಾಲಿನ ಕೊನೆಯನ್ನು ಮೇಲಕ್ಕೆತ್ತಿಯೇ ಹಾಡಿದರು. ಮೇಷ್ಟ್ರು ತಿದ್ದಿದರು, ಗದರಿಸಿದರು, ಕೊನೆಗೆ ಆ ಕೀರ್ತನೆಯನ್ನು ಹಾಡಿಸುವುದನ್ನೇ ಬಿಟ್ಟರು.

*

ಆರಾಧನೆಗೆ ದೇವಾಲಯ ತುಂಬಿತ್ತು. ಬಾಗಿಲಿನ ಹೊರಗೆ ಮೂಕಮ್ಮನ ಗಿರಾಕಿಗಳು ನಿಂತಿದ್ದರು. ದಾವಣಗೆರೆಯಿಂದ ಬಂದ ದೊಡ್ಡಯ್ಯನವರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು.

“ಈ ತಾಯಿಗೆ ದೀಕ್ಷಾಸ್ನಾನ ಕೊಟ್ಟವನು ನಾನು. ಆಗ ನಾನು ಹುಡುಗ ಅಯ್ಯನವರು. ಮೂಕಮ್ಮ ಅನ್ನೋ ಹೆಸರು ಬೇಡ, ಸುವಾರ್ತಮ್ಮ ಅಂತ ಇಡೋಣ ಅಂದೆ. ಅದಕ್ಕೆ ಅವರು ಏನಂದರು ಗೊತ್ತೇ? ಬ್ಯಾಡ್ರಿ ಅಯ್ಯನೋರೆ, ದೇವರು ಮೂಕಮ್ಮ ಅಂತಾನೇ ಇಷ್ಟು ದಿನ ಕರೆದಾನೆ. ಈಗ ಹೆಸರು ಬದಲಾಯಿಸಿ ಅವನ ಲೆಕ್ಕ ಯಾಕೆ ತಪ್ಪಿಸ್ಬೇಕು ಅಂದರು.”

ಸಭೆ ನಕ್ಕಿತು. ಪ್ರೇಮಮ್ಮ ನಗುತ್ತಲೇ ಮುಖ ಮುಚ್ಚಿಕೊಂಡಳು.

ಕೀರ್ತನೆಯ ಹೊತ್ತು ಬಂತು. ಮೇಷ್ಟ್ರು ಹಾರ್ಮೋನಿಯಮ್ಮಿನ ತಿದಿ ಒತ್ತಿದರು. ಮೊದಲ ಸಾಲು ನೆಟ್ಟಗೆ ಸಾಗಿತು. ಸಾಲಿನ ಕೊನೆಗೆ ಬಂದಾಗ ಹಾರ್ಮೋನಿಯಂ ಇಳಿಯಿತು, ಸಭೆ ಏರಿತು. ಮೇಷ್ಟ್ರು ನಿಲ್ಲಿಸಿ, ಬೆರಳೆತ್ತಿ ತೋರಿಸಿ, ಮತ್ತೆ ಮೊದಲಿಂದ ಹಿಡಿದರು. ಈ ಸಲ ಜನ ಅವರ ಮೇಲಿನ ಮರ್ಯಾದೆಗೆ ದನಿ ಇಳಿಸಲು ನೋಡಿದರು. ಕೆಲವರು ಇಳಿದರು, ಕೆಲವರು ಮೇಲೆಯೇ ನಿಂತರು, ಉಳಿದವರು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸುಮ್ಮನಾದರು. ಎರಡನೆಯ ಸಾಲಿನಲ್ಲಿ ಹಾರ್ಮೋನಿಯಮ್ಮಿನ ದನಿಯೊಂದೇ ಕೇಳಿಸುತ್ತಿತ್ತು. ದೊಡ್ಡಯ್ಯನವರು ಕನ್ನಡಕದ ಮೇಲಿಂದ ಮೇಷ್ಟ್ರನ್ನು ನೋಡಿ, ಮೆಲ್ಲಗೆ “ಪ್ರಾರ್ಥಿಸೋಣ” ಎಂದರು.

ಪ್ರಾರ್ಥನೆಯ ನಡುವೆ ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಎದುರಿಗಿದ್ದ ಶವಪೆಟ್ಟಿಗೆಯನ್ನೇ ನೋಡುತ್ತ ಕುಳಿತಿದ್ದರು.

*

ಹೋದ ಯುಗಾದಿಗೆ ಪ್ರೇಮಮ್ಮ ತವರಿಗೆ ಬಂದಿದ್ದಳು. ಅವಳಿಗೆ ಕೇಳಿಸುವಂತೆಯೇ ಮೂಕಮ್ಮ ಪಕ್ಕದ ಜಗುಲಿಯ ಮೇಷ್ಟ್ರ ಜೊತೆ ಜಗಳಕ್ಕೆ ಕೂತಿದ್ದಳು.

“ಮೇಷ್ಟ್ರಣ್ಣ, ನಿಮ್ಮಪ್ಪನ ಪದ ಯಾಕೆ ಹಾಡಿಸಾದು ಬಿಟ್ಟೆ?”

“ಹಾಡಿಸಿದ್ರೆ ಗುಡಿ ಸಂತೆ ಆಗುತ್ತೆ. ನಿನ್ನ ದೆಸೆಯಿಂದ.”

“ಸಂತೆನಾಗೂ ದೇವರು ಇರ್ತಾನೆ. ಇಲ್ದಿದ್ರೆ ನನ್ನ ಸೊಪ್ಪು ಖರ್ಚಾಗ್ತಿತ್ತಾ?” ಮೂಕಮ್ಮ ಎಲೆಗೆ ಸುಣ್ಣ ಸವರಿದಳು. “ನಿಮ್ಮಪ್ಪ ಹೊಳೆ ದಾಟಿ ಈ ದಡಕ್ಕೆ ಬಂದ ಮ್ಯಾಲೆ ಹಾಡಿರ್ಬೇಕು. ಅದಕ್ಕೇ ದನಿ ಇಳಿಸ್ಯಾರೆ. ನಾವು ಇನ್ನೂ ಆ ದಡದಾಗೆ ನಿಂತು ಹರಿಗೋಲಿನೋನ್ನ ಕರೀತಾ ಇದೀವಿ. ಏರಿಸದೆ ಹೆಂಗೆ ಕರೆಯಾದು?”

ಮೇಷ್ಟ್ರು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಮೂಕಮ್ಮ ಮಗಳ ಕಡೆಗೆ ತಿರುಗಿದಳು.

“ಪ್ರೇಮಿ, ನನ್ನ ಒಯ್ಯುವಾಗ ಬಾಗಿಲ ಬಾಗಿಲಾಗೆ ಅದನ್ನೇ ಹಾಡಿಸು. ಕೆಳಗಿನ ಅಂಜಿನಪ್ಪನವರೆಗೂ ಹೋಗ್ಬೇಕು ನೋಡು. ಮಾತು ಕೊಡು.”

ಪ್ರೇಮಮ್ಮ ನಗುತ್ತ ತಾಯಿಯ ಕೈ ಮೇಲೆ ಕೈ ಇಟ್ಟಿದ್ದಳು.

*

ಶವಪೆಟ್ಟಿಗೆ ದೇವಾಲಯದ ಮೆಟ್ಟಿಲಿಳಿಯುವ ಮೊದಲೇ ಓಣಿಯವರು ಓಡುನಡಿಗೆಯಲ್ಲಿ ಹೋಗಿ ತಮ್ಮ ತಮ್ಮ ಬಾಗಿಲುಗಳಲ್ಲಿ ನಿಂತರು. ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲರ ಕಣ್ಣುಗಳೂ ಆ ಬೇನೆಯ ವರ್ಷದ ಹಾಗೆಯೇ ಕೆಂಪಾಗಿದ್ದವು.

ಮೊದಲ ಬಾಗಿಲಿನ ಸಾಲು ಎದ್ದಿತು. ಎರಡನೆಯದು ಎತ್ತಿಕೊಂಡಿತು. ಒಂದೊಂದು ಸಾಲೂ ಕೊನೆಯಲ್ಲಿ ಏರಿ ಮುಂದಿನ ಬಾಗಿಲಿಗೆ ಹಾರಿತು. ಹೊತ್ತವರು ಹಾಡಿನ ಜೊತೆ ಹೆಜ್ಜೆ ಹಾಕುತ್ತ ಇಳಿದು ಬಂದರು. ಪ್ರೇಮಮ್ಮ ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದಳು. ಅವಳ ಕಣ್ಣು ಮೇಷ್ಟ್ರ ಬಾಗಿಲಿನ ಮೇಲಿತ್ತು.

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಮೇಲಿನ ಮನೆಯ ಸಾಲು ಬಂದು ಅವರ ಹೊಸ್ತಿಲ ಮುಂದೆ ನಿಂತಿತು. ಅವರು ಗಂಟಲು ಸರಿಮಾಡಿಕೊಂಡು, ತಮ್ಮ ಸಾಲನ್ನು ತಂದೆ ಕಲಿಸಿದ ಹಾಗೆಯೇ ಹಾಡಿದರು. ಕೊನೆಯಲ್ಲಿ ದನಿ ಮೆಲ್ಲಗೆ ಇಳಿದು ನಿಂತಿತು.

ಪೆಟ್ಟಿಗೆ ಮೂಕಮ್ಮನ ಮನೆಯ ಮುಂದೆ ಬಂತು. ಹೊತ್ತವರು ನಿಂತರು. ಜಗುಲಿಯ ಮೇಲೆ ಸೊಪ್ಪಿನ ಬುಟ್ಟಿ ಬೋರಲು ಬಿದ್ದಿತ್ತು. ಪ್ರೇಮಮ್ಮ ಬಾಯಿ ತೆರೆದಳು, ದನಿ ಬರಲಿಲ್ಲ. ತಿರುವಿನ ಆಚೆ ಸದ್ದಿಲ್ಲ. ಗಾದ್ರಮ್ಮ ಅಲ್ಲಿ ಕಾಯುತ್ತಿರಬೇಕು. ಹೊಳೆಯ ದಂಡೆಯಲ್ಲಿ ಅಂಜಿನಪ್ಪ ಕಾಯುತ್ತಿರಬೇಕು. ಹಾಡು ಇಲ್ಲಿಯವರೆಗೆ ಬಂದಿದೆಯೆಂದು ಕೂಡ ಅವರಿಗೆ ತಿಳಿದಿರಲಾರದು.

ಹೊತ್ತವರಲ್ಲಿ ಒಬ್ಬ ಭುಜ ಬದಲಾಯಿಸಿ, “ನಡೀರಿ ಇನ್ನ” ಎಂದ.

“ತಡಿ,” ಎಂದರು ಮೇಷ್ಟ್ರು.

ಅವರು ತಮ್ಮ ಜಗುಲಿ ಇಳಿದು ಬಂದು ಮೂಕಮ್ಮನ ಜಗುಲಿ ಹತ್ತಿದರು. ಬೋರಲು ಬಿದ್ದ ಬುಟ್ಟಿಯನ್ನು ಎತ್ತಿ ನೆಟ್ಟಗೆ ಇಟ್ಟರು. ತಿರುವಿನ ಕಡೆಗೆ ಮುಖ ಮಾಡಿ, ಅಂಗೈಯನ್ನು ಬಾಯಿಗೆ ಒಡ್ಡಿಕೊಂಡರು.

“ದಡ ಕಾಣದ ಹೊತ್ತಿಗೆ ದನಿಗೊಟ್ಟು ಕರೆಯೋ...”

ಮುದಿ ಗಂಟಲು ಮೊದಲು ತಡವರಿಸಿತು. ಆಮೇಲೆ ಏರಿತು. ಏರಿ ಏರಿ, ಊರಿನ ಯಾವ ಬೀದಿಗೂ ಗುರುತು ಸಿಗುವಷ್ಟು ಎತ್ತರಕ್ಕೆ ಹೋಗಿ, ಅಲ್ಲೇ ನಿಂತು, ತಿರುವು ಬಳಸಿ ಕೆಳಗಿಳಿಯಿತು.

ಬಳಿಕ ಆಚೆಯಿಂದ ಗಾದ್ರಮ್ಮನ ಸಾಲು ಎದ್ದಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲಕ್ಕೂ ಕೊನೆಗೆ, ಹೊಳೆಯ ದಂಡೆಯಿಂದ, ಅಂಜಿನಪ್ಪನ ಒಡಕು ದನಿ.

ಹೊತ್ತವರು ಹೆಜ್ಜೆ ಎತ್ತುವಷ್ಟರಲ್ಲಿ ಎದುರಿನ ಮನೆಯ ಕದ ಕಿರುಗುಟ್ಟಿತು. ಕಲ್ಲಮ್ಮ ಗೋಡೆ ಹಿಡಿದು ಹೊಸ್ತಿಲಿಗೆ ಬಂದಳು. ಸೊಸೆ ಸರ್ವಮಂಗಳಮ್ಮ ಜನರ ನಡುವಿನಿಂದ ಓಡಿಹೋಗಿ ಅತ್ತೆಯ ತೋಳು ಹಿಡಿದಳು, ಆದರೆ ಒಳಗೆ ಕರೆದುಕೊಂಡು ಹೋಗಲಿಲ್ಲ. ಮುದುಕಿ ದನಿ ಬಂದ ಕಡೆಗೆ ಮುಖ ತಿರುಗಿಸಿ, ಖಾಲಿ ಮೊರವನ್ನು ಮುಂದೆ ಚಾಚಿಕೊಂಡು ನಿಂತಿದ್ದಳು.