ಬಿಡು ಎಂದರೆ ಕ್ಲಚ್ಚು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಎನ್ನುತ್ತಿದ್ದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಹನ್ನೊಂದು ವರ್ಷದಿಂದ ಅವಳ ಬಲಗಾಲು ಅದರ ಮೇಲೇ ಇತ್ತು. ಬಸ್ಸಿನಲ್ಲಿ ಕೂತರೂ, ತಂಗಿಯ ಗಂಡನ ಕಾರಿನ ಹಿಂದಿನ ಸೀಟಿನಲ್ಲಿ ಕೂತರೂ ಆ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಸಂಜೆಗೆ ಮಂಡಿ ನೋವು. ಮುಲಾಮು ಹಚ್ಚಿಕೊಂಡು ಮಲಗುವುದು, ಬೆಳಿಗ್ಗೆ ಎದ್ದು ಮತ್ತೆ ಯಾರದೋ ಪಕ್ಕದಲ್ಲಿ ಕೂರುವುದು.

ಅವಳ ಹತ್ತಿರ ಕಲಿಯಲು ಮರಿ ಬಂದಾಗ ಸ್ಕೂಲಿನ ಮಾಲೀಕರು ಕಚೇರಿಯ ಬಾಗಿಲು ಹಾಕಿಕೊಂಡು ಅವಳಿಂದ ಭಾಷೆ ತೆಗೆದುಕೊಂಡರು. ಯಾರಿಗೂ ಹೇಳಕೂಡದು. ಮರಿ ಸಿನಿಮಾ ನಟ. ಊರಿಗೆಲ್ಲ ಅವನು ಮರಿಯೇ. ಅವನ ಮೂರು ಸಿನಿಮಾಗಳೂ ಓಡಿದ್ದವು. ಮೂರರದ್ದೂ ಒಂದೇ ಕಥೆ. ಸ್ಕೂಲಿನ ಕೊನೇ ವರ್ಷದ ಹುಡುಗ ಅಪ್ಪನಿಗೆ ಹೇಳದೆ ಕಾರು ತೆಗೆಯುತ್ತಾನೆ, ಗೆಳೆಯರನ್ನು ತುಂಬಿಕೊಳ್ಳುತ್ತಾನೆ. ಕಾರು ಒಂದು ಸಲ ಈಜುಕೊಳಕ್ಕೆ, ಒಂದು ಸಲ ಪರೀಕ್ಷೆಯ ಹಾಲಿಗೆ, ಒಂದು ಸಲ ಹೆಡ್‌ಮಾಸ್ಟರ ಮನೆಯ ಅಡುಗೆಕೋಣೆಗೆ ನುಗ್ಗುತ್ತದೆ. ಕೊನೆಗೆ ಅಪ್ಪ ಒಂದು ಬಾರಿಸಿ ಆಮೇಲೆ ತಬ್ಬಿಕೊಳ್ಳುತ್ತಾನೆ. ಮೂರು ಸಿನಿಮಾ ಮುಗಿದರೂ ಮರಿ ಇನ್ನೂ ಪಾಸಾಗಿರಲಿಲ್ಲ.

ಇಷ್ಟೆಲ್ಲ ಕಾರು ಗುದ್ದಿಸಿದವನಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಕಾರನ್ನು ಟ್ರೇಲರಿನ ಮೇಲೆ ಹತ್ತಿಸಿ ಎಳೆಯುತ್ತಿದ್ದರು. ಅವನು ಸ್ಟೀರಿಂಗ್ ತಿರುಗಿಸುತ್ತ ಬಾಯಿ ಕಳೆದು ಕಿರುಚಿದರೆ ಕೆಲಸ ಮುಗಿಯಿತು. ನಾಲ್ಕನೆಯದಕ್ಕೆ ಹೊಸ ನಿರ್ದೇಶಕ ಬಂದಿದ್ದ. ಟ್ರೇಲರ್ ಬೇಡ, ಶಾಟಿನ ನಡುವೆ ಕತ್ತರಿ ಬೇಡ, ಹುಡುಗ ತಾನೇ ಓಡಿಸಬೇಕು ಎಂದಿದ್ದ. ನಿರ್ಮಾಪಕರು ಇನ್ನೊಂದು ಮಾತು ಸೇರಿಸಿದ್ದರು. ಮೊದಲ ದಿನದ ಶಾಟನ್ನು ಮರಿ ತಾನೇ ಮಾಡಿದರೆ ಸಿನಿಮಾ ಅವನದು, ಇಲ್ಲದಿದ್ದರೆ ಡೂಪಿನದು. ಡೂಪು ಎಂದರೆ ಹೋದ ಸಿನಿಮಾದಲ್ಲಿ ಮರಿಯ ಬದಲು ಮಹಡಿಯಿಂದ ಹಾರಿದ್ದ ಹತ್ತೊಂಬತ್ತರ ಹುಡುಗ. ಇದನ್ನೆಲ್ಲ ಮರಿಯೇ ಮೊದಲ ದಿನ, ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, ಯಾರದೋ ವಿಷಯ ಹೇಳಿದಂತೆ ಹೇಳಿದ.

"ಹತ್ತು ದಿನ ಇದೆ ಅಕ್ಕ. ಆಗುತ್ತಾ?"

"ನಲವತ್ತು ದಿನದಲ್ಲೂ ಆಗದೋರನ್ನ ನೋಡಿದೀನಿ. ಸೀಟು ಮುಂದಕ್ಕೆ ಎಳ್ಕೊಳ್ಳಿ."

"ಎಳ್ಕೊಳ್ಳಿ ಗಿಳ್ಕೊಳ್ಳಿ ಬೇಡ. ಹೋಗು, ಬಾ ಅನ್ನಿ. ಹದಿನೇಳರ ಹುಡುಗನಿಗೆ ಯಾರಕ್ಕ ಬಹುವಚನ ಕೊಡ್ತಾರೆ?"

ಪಾತ್ರದಿಂದ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವುದು ಈಚೆಗೆ ಕಷ್ಟವಾಗುತ್ತಿದೆ ಎಂದು ಅವನು ವಿವರಿಸಿದ. ಬ್ರೇಕಕ್ಕ ಅವನ ಗಲ್ಲ ನೋಡಿದಳು. ಬೆಳಿಗ್ಗೆ ಎರಡು ಸಲ ಬೋಳಿಸಿದ ಗಲ್ಲ. ಆದರೂ ಚರ್ಮದ ಕೆಳಗೆ ಹಸಿರು ಕಾಣುತ್ತಿತ್ತು. ಮೂವತ್ತಂತೂ ದಾಟಿದೆ ಎಂದುಕೊಂಡಳು. ಮೀಸೆ ಮೂಡದ ಹುಡುಗರಿಗೂ ನೀವು ಎನ್ನುವುದು ಅವಳ ಅಭ್ಯಾಸ. ಆದರೆ ಗಿರಾಕಿ ಕೇಳಿದ ಮೇಲೆ ಮುಗಿಯಿತು.

ಅವಳ ಪಾಠದಲ್ಲಿ ಇದ್ದದ್ದು ಎರಡೇ ಮಾತು. ಕ್ಲಚ್ಚು ಎಂದರೆ ಕಲಿಯುವವರು ಬಗ್ಗಿ ಕಾಲು ನೋಡುತ್ತಾರೆ, ಅಷ್ಟರಲ್ಲಿ ಕಾರು ಗೋಡೆಯ ಹತ್ತಿರ ಇರುತ್ತದೆ. ಅದಕ್ಕೇ ಅವಳು ಆ ಹೆಸರನ್ನೇ ಎತ್ತುತ್ತಿರಲಿಲ್ಲ. ಒತ್ತಿ, ಬಿಡಿ, ಅಷ್ಟೇ. ಎಳೆದು "ಬಿ...ಡೀ" ಎಂದರೆ ಕಾಲು ನಿಧಾನಕ್ಕೆ ಮೇಲೆ ಬರಬೇಕು. ಚುಟುಕಾಗಿ "ಬಿಡಿ" ಎಂದರೆ ಒಂದೇ ಸಲಕ್ಕೆ. ಮಾತು ಕಿವಿಗೆ ಅಲ್ಲ ಕಾಲಿಗೆ ಕೇಳಬೇಕು ಎನ್ನುತ್ತಿದ್ದಳು. ಮರಿಯ ವಿಷಯದಲ್ಲಿ ಮಾತ್ರ ಅದು ಒತ್ತು, ಬಿಡು ಆಯಿತು.

ಮುಚ್ಚಿದ ಗೋದಾಮಿನ ಹಿಂದಿನ ಬಯಲಿನಲ್ಲಿ ಖಾಲಿ ಬಣ್ಣದ ಡಬ್ಬಿಗಳನ್ನು ಸಾಲಾಗಿ ಇಟ್ಟು ಕಲಿಸಿದಳು. ಮೊದಲ ಮೂರು ದಿನ ಡಬ್ಬಿಗಳನ್ನು ಎತ್ತಿ ನಿಲ್ಲಿಸುವುದೇ ಕೆಲಸವಾಯಿತು. ನಾಲ್ಕನೇ ದಿನ ಮರಿ ಕಾರಿನಿಂದಿಳಿದು ಮೋಟುಗೋಡೆಯ ಮೇಲೆ ಕೂತು ಸೊಂಟ ಹಿಡಿದುಕೊಂಡ. ತನ್ನ ಕೈಲಿ ಆಗುವುದಿಲ್ಲ ಅಂದ. ಬ್ರೇಕಕ್ಕ ಸಮಾಧಾನ ಮಾಡಲಿಲ್ಲ. ಅವಳಿಗೂ ಸಾಕಾಗಿತ್ತು. ಬಿದ್ದ ಡಬ್ಬಿಗಳನ್ನು ಒಂದೊಂದೇ ಎತ್ತಿ ನಿಲ್ಲಿಸಿದಳು. ಆಮೇಲೆ ಅವನೇ ಎದ್ದು ಬಂದು ಕೂತ. ಏಳನೇ ದಿನದ ಹೊತ್ತಿಗೆ ಅವಳ ಬಾಯಿಂದ "ಬಿ" ಹೊರಡುವಷ್ಟರಲ್ಲಿ ಅವನ ಎಡಗಾಲು ಏಳುತ್ತಿತ್ತು. ಹತ್ತನೇ ದಿನ ಒಂದು ಡಬ್ಬಿಯೂ ಬೀಳಲಿಲ್ಲ. ಅವಳು ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಶಾಟು ಇದ್ದದ್ದು ಅಂಗಡಿಬೀದಿಯ ಇಳಿಜಾರಿನಲ್ಲಿ. ಎರಡೂ ತುದಿಗೆ ಹಗ್ಗ ಕಟ್ಟಿ ಬೀದಿ ಮುಚ್ಚಿದ್ದರು. ಹುಡುಗ ಕಾರು ನಿಲ್ಲಿಸಿಕೊಂಡು, ಒಂದನೇ ಗೇರಿನಲ್ಲಿ ಕ್ಲಚ್ಚು ಒತ್ತಿ ಹಿಡಿದು, ಇಂಜಿನ್ ಗುರುಗುಟ್ಟಿಸುತ್ತ ಜಂಬ ಕೊಚ್ಚುತ್ತಾನೆ. ಪಕ್ಕದಲ್ಲಿ ಕೂತ ಗೆಳತಿ ಒಂದು ಮಾತಿನಲ್ಲಿ ಹಂಗಿಸುತ್ತಾಳೆ. ಅವನು ನಿಧಾನಕ್ಕೆ ಕಾರು ತೆಗೆದು, ಖಾಲಿ ಹಣ್ಣಿನ ಪೆಟ್ಟಿಗೆಗಳ ಗೋಪುರದ ಪಕ್ಕದಲ್ಲೇ ಹಾದು, ತಿರುವಿನಲ್ಲಿ ಮಾಯವಾಗುತ್ತಾನೆ. ಅಷ್ಟೇ. ಕಾರು ಡ್ರೈವಿಂಗ್ ಸ್ಕೂಲಿನದೇ. ಮೇಲಿನ ಬೋರ್ಡು ಕಿತ್ತು ಕೆಂಪು ಬಣ್ಣ ಬಳಿದಿದ್ದರು. ಮರಿಗೆ ಯೂನಿಫಾರ್ಮ್ ಅಂಗಿ ತೊಡಿಸಿ, ಒಳಗೆ ಹೊಟ್ಟೆಗೆ ಅಗಲದ ಪಟ್ಟಿ ಬಿಗಿದಿದ್ದರು. ಅವನು ಅರ್ಧ ಅರ್ಧ ಉಸಿರು ಎಳೆಯುತ್ತಿದ್ದ. ಅವನ ಧೈರ್ಯಕ್ಕೆ ಇರಲಿ ಎಂದು ಬ್ರೇಕಕ್ಕ ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ, ಕಪ್ಪು ಹೊದಿಕೆಯೊಳಗೆ ಮುದುಡಿ ಮಲಗಿದಳು. ಅವಳ ಬ್ರೇಕು ಗೆಳತಿಯ ಪಾತ್ರದ ಹುಡುಗಿಯ ಚಪ್ಪಲಿಯ ಕೆಳಗಿತ್ತು. ಅದನ್ನು ಮುಟ್ಟಬೇಡ ಎಂದು ಆ ಹುಡುಗಿಗೆ ಮೂರು ಸಲ ಹೇಳಿಯಾಗಿತ್ತು.

ಹಾಳೆಯಲ್ಲಿ ಬರೆದಿದ್ದ ಮಾತು "ನಿನ್ನ ಕೈಲಿ ಆಗಲ್ಲ, ಹೋಗಲಿ" ಎಂದು. ಹೊರಡುವ ಮುಂಚೆ ಹುಡುಗಿ ಕಿಟಕಿಯಿಂದ ತಲೆ ಹಾಕಿ ನಿರ್ದೇಶಕನಿಗೆ, ತನ್ನ ವಯಸ್ಸಿನವರು ಯಾರೂ ಹೋಗಲಿ ಅನ್ನುವುದಿಲ್ಲ, ಅದು ಅಜ್ಜಿಯರ ಮಾತು ಎಂದಳು. ನಿನ್ನ ಬಾಯಿಗೆ ಬಂದಂತೆ ಹೇಳು ಎಂದು ಅವನು ಒಪ್ಪಿದ. ಹೊದಿಕೆಯೊಳಗೆ ಬ್ರೇಕಕ್ಕನಿಗೆ ಇದು ಕೇಳಿಸಿತು. ಏನೂ ಅನಿಸಲಿಲ್ಲ. ಕತ್ತಿನ ಹತ್ತಿರ ಸೆಕೆಯಾಗುತ್ತಿತ್ತು.

ಇಂಜಿನ್ ಗುರುಗುಟ್ಟಿತು. ಮರಿ ತನ್ನ ಜಂಬದ ಮಾತು ಹೇಳಿದ. ಹುಡುಗಿ ನಿಟ್ಟುಸಿರುಬಿಟ್ಟು ಮುಖ ತಿರುಗಿಸಿದಳು.

"ನಿನ್ನ ಕೈಲಿ ಆಗಲ್ಲ, ಬಿಡು."

ಚುಟುಕಾದ ಬಿಡು. ಮರಿಯ ಎಡಗಾಲು ಒಂದೇ ಸಲಕ್ಕೆ ಮೇಲೆದ್ದಿತು. ಕಾರು ಕಪ್ಪೆಯಂತೆ ನೆಗೆದು, ಪೆಟ್ಟಿಗೆಗಳ ಗೋಪುರವನ್ನು ನಡುವಿಗೇ ಗುದ್ದಿ, ಒಮ್ಮೆ ನಡುಗಿ ಆಫ್ ಆಯಿತು. ಬ್ರೇಕಕ್ಕನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮಂಡಿ ಹಿಡಿದುಕೊಂಡಿತು. ಒಂದು ಪೆಟ್ಟಿಗೆ ಬಾನೆಟ್ಟಿನ ಮೇಲೆ ಬಿದ್ದು ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ. ಮೊದಲು ನಕ್ಕವಳು ಹುಡುಗಿ. ಆಮೇಲೆ ಇಡೀ ಬೀದಿ ನಕ್ಕಿತು. ನಿರ್ದೇಶಕ ಓಡಿಬಂದು, ಹತ್ತು ವರ್ಷ ಯೋಚಿಸಿದರೂ ಇಂಥ ನೆಗೆತ ಬರೆಯಲಾಗುತ್ತಿರಲಿಲ್ಲ ಎಂದು ಮರಿಯ ಬೆನ್ನು ತಟ್ಟಿದ.

ಟಿವಿಯಂಥ ಪುಟ್ಟ ಪರದೆಯಲ್ಲಿ ಎಲ್ಲರೂ ಮತ್ತೆ ನೋಡಿದರು. ಬ್ರೇಕಕ್ಕನೂ ಕುಂಟುತ್ತ ಹೋಗಿ ಹಿಂದೆ ನಿಂತಳು. ನೆಗೆತ ಚೆನ್ನಾಗಿತ್ತು. ತೊಂದರೆ ಮುಖದ್ದು. ಮರಿಗೆ ನಿಜವಾಗಿ ಹೆದರಿಕೆಯಾಗಿತ್ತು. ನಟಿಸುವುದು ಮರೆತಿದ್ದ. ಹಣೆಯಲ್ಲಿ ಮೂರು ಗೆರೆ, ಬಾಯಿಯ ಎರಡೂ ಬದಿಗೆ ಎರಡು ಮಡಿಕೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗುವಿಗಾಗಿ ಕಾಯುವ ಗಂಡಸಿನ ಮುಖ. ನೋಡುತ್ತಿದ್ದವರು ನಗುವುದನ್ನು ನಿಲ್ಲಿಸಿದರು. ನಿರ್ದೇಶಕ ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿ ಗಲ್ಲ ಕೆರೆದುಕೊಂಡ.

ಅದೇ ನೆಗೆತ ಇರಲಿ, ಮುಖದಲ್ಲಿ ಮಾತ್ರ ತುಂಟತನ ಬೇಕು ಎಂದ. ಪೆಟ್ಟಿಗೆಗಳನ್ನು ಮತ್ತೆ ಜೋಡಿಸಿದರು. ಮರಿ ತುಂಟತನ ತಂದ, ನೆಗೆತ ಬರಲಿಲ್ಲ. ಈಗ ಹುಡುಗಿಯ "ಬಿಡು" ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಕಾಲು ಜಾಗ್ರತೆಯಿಂದ ಮೇಲೆ ಬಂತು. ಕಾರು ಬೆಣ್ಣೆಯಂತೆ ಜಾರಿಕೊಂಡು ಹೋಗಿ, ಪೆಟ್ಟಿಗೆಗಳಿಗೆ ಗೇಣು ಜಾಗ ಬಿಟ್ಟು ತಿರುವಿನಲ್ಲಿ ಮಾಯವಾಯಿತು. ಬೆಳಿಗ್ಗೆ ಬೇಕಾಗಿದ್ದದ್ದು ಇದೇ. ಈಗ ಯಾರಿಗೂ ಬೇಕಾಗಿರಲಿಲ್ಲ. ಮೂರನೇ ಸಲವೂ ಹಾಗೇ. ನಾಲ್ಕನೇ ಸಲ ಬೇಕೆಂದೇ ಕಾಲು ಕಿತ್ತ. ಕಾರು ಕೆಮ್ಮಿ ನಿಂತಿತು.

"ಎಷ್ಟು ಚೆನ್ನಾಗಿ ಕಲಿಸಿದೀರಿ ಅಕ್ಕ," ಎಂದ, ಹಿಂದೆ ತಿರುಗದೆ. ಅದು ಹೊಗಳಿಕೆಯಾಗಿರಲಿಲ್ಲ.

ಡೂಪನ್ನು ಕರೆಸಿದರು. ಅವನು ಹದಿನಾಲ್ಕನೇ ವಯಸ್ಸಿನಿಂದ ಸೋದರಮಾವನ ಗಾಡಿ ಓಡಿಸಿ ಒದೆ ತಿಂದವನು. ಬಂದು ಕೂತ, ನೆಗೆಸಿದ, ಕಿವಿಯವರೆಗೆ ಹಲ್ಲು ಕಿರಿದ. ಒಂದೇ ಸಲಕ್ಕೆ ಆಯಿತು. ಮುಖದಲ್ಲಿ ಎಲ್ಲಿ ನೋಡಿದರೂ ಒಂದು ಗೆರೆ ಇರಲಿಲ್ಲ. ನಿರ್ದೇಶಕ ಫೋನು ಹಿಡಿದು ಅಂಗಡಿಯೊಂದರ ಹಿಂದೆ ಹೋಗಿ ಬಂದ. ಬೆಳಿಗ್ಗೆಯಿಂದ "ಬಾರೋ ಮರಿ" ಎನ್ನುತ್ತಿದ್ದವನು ಈಗ ಅವನ ಮುಂದೆ ಕೈ ಕಟ್ಟಿ ನಿಂತ.

"ಸರ್, ನೀವು ಸ್ವಲ್ಪ ನೆರಳಲ್ಲಿ ಕೂತಿರಿ. ಮಾತಾಡೋಣ."

ಮಾತುಕತೆ ಬೇಗ ಮುಗಿಯಿತು. ಅಪ್ಪನ ಪಾತ್ರಕ್ಕೆ ಇನ್ನೂ ಯಾರನ್ನೂ ಗೊತ್ತುಮಾಡಿರಲಿಲ್ಲ. ಒಳ್ಳೆಯ ಪಾತ್ರ, ಕೊನೆಗೆ ಅಪ್ಪ ಇನ್ನೊಂದು ಕಾರು ತೆಗೆದುಕೊಂಡು ಹೆದ್ದಾರಿಯಲ್ಲಿ ಮಗನನ್ನು ಹುಡುಕುತ್ತ ಹೋಗುತ್ತಾನೆ, ಇಡೀ ಸಿನಿಮಾ ಅಲ್ಲೇ ನಿಂತಿದೆ ಎಂದೆಲ್ಲ ಹೇಳಿದರು. ಹೆದ್ದಾರಿ ಮುಚ್ಚಲು ಯಾರೂ ಬಿಡುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಕು. ಒಂದೂವರೆ ತಿಂಗಳು ಸಮಯವಿದೆ. ಮರಿ ಯೋಚಿಸುತ್ತೇನೆ ಎಂದ. ಯಾರೂ ಬಲವಂತ ಮಾಡಲಿಲ್ಲ. ಅವರು ಆಗಲೇ ಡೂಪಿನ ಅಂಗಿಯ ಅಳತೆ ತೆಗೆದುಕೊಳ್ಳುತ್ತಿದ್ದರು. ಅವನಿಗೆ ಹೊಟ್ಟೆಗೆ ಪಟ್ಟಿ ಬೇಕಾಗಿರಲಿಲ್ಲ.

ಬ್ರೇಕಕ್ಕ ಕಾರಿನ ಬಾನೆಟ್ ಒರೆಸಿ, ತಗ್ಗಾದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಮಾಲೀಕರಿಗೆ ಏನು ಹೇಳುವುದೆಂದು ಯೋಚಿಸಲೂ ಬೇಜಾರಾಗಿತ್ತು. ಮರಿ ಬಂದು ಡ್ರೈವರ್ ಸೀಟಿನಲ್ಲಿ ಕೂತ. ಅಂಗಿಯೊಳಗೆ ಕೈ ಹಾಕಿ ಹೊಟ್ಟೆಯ ಪಟ್ಟಿ ಬಿಚ್ಚಿ, ಹಿಂದಿನ ಸೀಟಿಗೆ ಎಸೆದು, ಪೂರ್ತಿ ಉಸಿರು ಎಳೆದುಕೊಂಡ. ಅವಳು ಪಕ್ಕದಲ್ಲಿ ಕೂತಳು. ಬೀದಿಯ ತುದಿಯಲ್ಲಿ ಹಗ್ಗ ಬಿಚ್ಚುತ್ತಿದ್ದರು.

"ಲೈಸೆನ್ಸಿಗೆ ಅರ್ಜಿ ಕೊಡಬೇಕಾ ಅಕ್ಕ?"

"ಕೊಡದೆ? ತಾನಾಗೇ ಮನೆಗೆ ಬರುತ್ತಾ?"

"ಅದರಲ್ಲಿ ಹುಟ್ಟಿದ ತಾರೀಕು ಇರುತ್ತಲ್ಲ. ಕಾರ್ಡಿನ ಮೇಲೂ ಅಚ್ಚು ಹಾಕ್ತಾರೆ." ಅವನು ಸ್ಟೀರಿಂಗಿನ ಮೇಲೆ ಸಿಡಿದಿದ್ದ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದ. "ಇಷ್ಟು ವರ್ಷ ಯಾಕೆ ಕಲೀಲಿಲ್ಲ ಅಂದ್ಕೊಂಡ್ರಿ?"

ಅವಳ ಕೈಚೀಲದಲ್ಲಿ ಅರ್ಜಿ ಫಾರಮ್ಮುಗಳ ಕಟ್ಟು ಯಾವಾಗಲೂ ಇರುತ್ತಿತ್ತು. ಒಂದನ್ನು ಎಳೆದು, ಡೈರಿಯ ಮೇಲೆ ಇಟ್ಟು, ಪೆನ್ನಿನ ಮುಚ್ಚಳ ಹಲ್ಲಿನಿಂದ ಕಿತ್ತಳು. ಹೆಸರು ಕೇಳಿದಳು. ಅವನು ಅಪ್ಪ ಅಮ್ಮ ಇಟ್ಟ ಹೆಸರು ಹೇಳಿದ. ಅವಳು ಅದನ್ನು ಎಂದೂ ಕೇಳಿರಲಿಲ್ಲ. ವಿಳಾಸ ಹೇಳಿದ. ರಕ್ತದ ಗುಂಪು ಹೇಳಿದ. ಆಮೇಲೆ ಆ ಸಾಲು ಬಂತು. ಅವಳು ಪೆನ್ನು ಹಿಡಿದು ಕಾದಳು.

ಮರಿ ಅತ್ತಿತ್ತ ನೋಡಿದ. ಬೀದಿಯಲ್ಲಿ ಯಾರಿಗೂ ಇವರ ಕಡೆ ಗಮನವಿರಲಿಲ್ಲ. ಆದರೂ ತನ್ನ ಕಡೆಯ ಗಾಜು ಪೂರ್ತಿ ಏರಿಸಿ, ತಾರೀಕು ಹೇಳಿದ, ತಿಂಗಳು ಹೇಳಿದ, ವರ್ಷ ಹೇಳಿದ. ಬ್ರೇಕಕ್ಕ ಲೆಕ್ಕ ಹಾಕಿದಳು. ಅವನು ಅವಳಿಗಿಂತ ಒಂದು ವರ್ಷ ದೊಡ್ಡವನು. ಪೆನ್ನು ಮೂಡಲಿಲ್ಲ. ಒಂದೆರಡು ಸಲ ಅಂಚಿನಲ್ಲಿ ಗೀಚಿ, ಮೂಡಿದ ಮೇಲೆ, ಫಾರಮ್ಮಿನ ಪುಟ್ಟ ಪೆಟ್ಟಿಗೆಗಳೊಳಗೆ ಒಂದೊಂದೇ ಅಂಕಿ ಬರೆದಳು.