ಸುಗಂಧರಾಜದ ಗಡ್ಡೆ, ಸರಸ್ವತಿಬಾಯಿಯ ಮೂಗು

ಚಿತ್ತಾಪುರದ ಭಾಮಾಬಾಯಿಯ ಹಿತ್ತಲಲ್ಲಿ ಸುಗಂಧರಾಜ ಹೇಗೆ ಬೆಳೆದಿತ್ತೆಂದರೆ, ಒಳಗೆ ಹೊಕ್ಕ ಬೆಕ್ಕು ಹೊರಗೆ ಬರಲು ಎಂಟು ದಿನ ಬೇಕಾಗುತ್ತಿತ್ತು. ಬರೀ ಎಲೆ. ಹೂವೆಂಬುದು ಮೂರು ವರ್ಷದಿಂದ ಒಂದೂ ಇಲ್ಲ. ಭಾಮಾ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಗಡ್ಡೆ ಅದು. ಅತ್ತೆ ಸರಸ್ವತಿಬಾಯಿಗೆ ಸಾಕಾಗಿತ್ತು.

"ಹೂ ಕೊಡಲಾರದ ಗಿಡ ಯಾತಕ್ಕ? ಕಿತ್ತು ಒಗದು ಫರಶಿ ಹಾಸಸ್ತೀನಿ" ಎಂದು ಕಲ್ಲು ನೋಡಲು ಶಹಾಬಾದಕ್ಕೇ ಹೊರಟುಬಿಟ್ಟಳು. ವಾಡಿಯಲ್ಲಿ ಗಾಡಿ ಬದಲಿಸಿ ಹೋಗಿಬರಲು ಎರಡು ದಿನ.

ಆಕೆಯ ಟಾಂಗಾ ಮರೆಯಾಗುವ ಮೊದಲೇ ಭಾಮಾ ಹಿತ್ತಲ ಗೋಡೆಗೆ ಓಡಿದಳು. ಆಚೆ ಮನೆಯ ಹಮೀದಾಬಿಯ ಗಂಡ ತಹಸೀಲದಾರರ ಬಂಗ್ಲೆಯ ಮಾಲಿ.

"ಹಮೀದಾಬಿ, ನನ್ನ ಗಿಡ ಉಳೀತದೇನ?"

"ಅದಕ್ಕ ಉಸಿರ ಕಟ್ಟ್ಯದರಿ ಬಾಯಿ! ಒಂದ ಖೋಲಿನಾಗ ಮೂವತ್ತ ಮಂದಿ ಮಲಗಿದ್ರ ಯಾರಿಗೆ ನಿದ್ದಿ ಬರ್ತದ? ಅಗದು ತಗೀರಿ, ಬಿಡಿಬಿಡಿ ಮಾಡ್ರಿ, ನೆರಳಿನಾಗ ಆರಸ್ರಿ. ಮುದಿ ಗಡ್ಡಿ ಒಗದು ಮರಿ ಹಚ್ಚರಿ."

"ಮುದಿ ಗಡ್ಡಿ ಶಹಾಬಾದಕ್ಕ ಹೋಗ್ಯದ!"

ಇಬ್ಬರೂ ಗೋಡೆ ಹಿಡಿದು ನಕ್ಕರು.

ಭಾಮಾ ಗುದ್ದಲಿ ಹಾಕಿದಳು. ಕರಿಮಣ್ಣಿನೊಳಗಿಂದ ಒಂದೊಂದು ಬುಡ ಕುಂಬಳಕಾಯಿಯಷ್ಟು ಎದ್ದಿತು. ಬಿಡಿಸಿದಷ್ಟೂ ಮರಿ. ನಿಜಾಮರ ಇಡೀ ರಾಜ್ಯಕ್ಕೆ ಹಂಚಿದರೂ ಉಳಿಯುವಷ್ಟು! ಎಲ್ಲವನ್ನೂ ಪಡಸಾಲೆಯಲ್ಲಿ ಚಾಪೆಯ ಮೇಲೆ ಹರವಿದಳು. ರಾತ್ರಿ ಸಂತೋಷಕ್ಕೆ ನಿದ್ದೆಯೇ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ, ಕಲ್ಲು ಮನಸ್ಸಿಗೆ ಬಾರದೆ, ಅತ್ತೆ ಬೇಗನೆ ಬಂದು ಬಾಗಿಲಲ್ಲಿ ನಿಂತಳು. ಚಾಪೆಯ ಮೇಲಿನ ರಾಶಿ ಅವಳ ಕಣ್ಣಿಗೆ ಈರುಳ್ಳಿಯಾಗಿ ಕಂಡಿತು.

"ಅಯ್ಯಯ್ಯ! ವೈಷ್ಣವರ ಮನ್ಯಾಗ ಉಳ್ಳಾಗಡ್ಡಿ! ಅದೂ ಚಾತುರ್ಮಾಸದಾಗ! ಎಲ್ಲಾ ಹಳ್ಳಕ್ಕ ಒಗಿ, ಈಗಿಂದೀಗ!"

"ಅತ್ಯಾ, ಇವು ಹೂವಿನ ಗಡ್ಡಿರಿ."

"ನನಗ ಕಲಸ್ತೀಯೇನ? ಸಿಪ್ಪಿ ಅದ, ಬೇರ ಅದ, ಬಾಲ ಅದ. ಇನ್ನೇನ ಬೇಕು?"

ಭಾಮಾ ಒಂದು ಗಡ್ಡೆ ಮುರಿದು ಅತ್ತೆಯ ಮುಖಕ್ಕೇ ಹಿಡಿದಳು. ಸರಸ್ವತಿಬಾಯಿ ಸೆರಗಿನಿಂದ ಮೂಗು ಮುಚ್ಚಿದಳು. ಆಮೇಲೆ ಸೆರಗು ತುಸು ಸರಿಸಿದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಹೌದ ಬಿಡು. ಇದು ಉಳ್ಳಾಗಡ್ಡಿ ಅಲ್ಲ. ಅದು ಮೂಗಿಗೆ ಚುರ್ ಅಂತದ. ಎಣ್ಣ್ಯಾಗ ಬಿದ್ದು ಕೆಂಪಗ ಆದ ಮ್ಯಾಲಂತೂ..."

ಮಾತು ನಿಂತಿತು. ಗೋಡೆಯಾಚೆ ಹಮೀದಾಬಿಯ ಬಳೆ ಸಪ್ಪಳವೂ ನಿಂತಿತು.

"ಕೆಂಪಗ ಆದ ಮ್ಯಾಲ ಏನ್ರಿ ಅತ್ಯಾ?"

"ಗಾಡಿನಾಗ... ಯಾರೋ ಬುತ್ತಿ ಬಿಚ್ಚಿದ್ರು. ವಾಸನಿ ಬಂತು."

"ಗಾಡಿನಾಗ ಒಲಿ ಹಚ್ಚಿ ಎಣ್ಣಿ ಇಟ್ಟಿದ್ರೇನ್ರಿ ಬಾಯಿ?" ಎಂದು ಗೋಡೆ ಕೇಳಿತು.

"ನೀ ಬಾಯಿ ಮುಚ್ಚ, ಹಮೀದಾ!"

ಭಾಮಾ ತುಟಿ ಕಚ್ಚಿ ನಗು ತಡೆದಳು. "ನಾ ಯಾರಿಗೂ ಹೇಳಂಗಿಲ್ರಿ. ಆದ್ರ ಹಿತ್ತಲದಾಗ ಫರಶಿ ಬ್ಯಾಡ್ರಿ."

ಸರಸ್ವತಿಬಾಯಿ ಸೊಸೆಯನ್ನು ನೋಡಿದಳು, ಚಾಪೆ ನೋಡಿದಳು, ಗೋಡೆ ನೋಡಿದಳು. ಸೀರೆ ಎತ್ತಿ ಸಿಕ್ಕಿಸಿದಳು. ಹಿತ್ತಲಿಗೆ ನಡೆದು ಕೆಸರಿನಲ್ಲಿ ಕುಕ್ಕರಿಸಿದಳು.

"ನಕ್ಕಿದ್ದು ಸಾಕು, ಮಣ್ಣ ಕೆದರಲಿಕ್ಕ ಖುರಪಿ ಕೊಡು. ಹಮೀದಾ, ಎಷ್ಟ ಆಳ ಹಚ್ಚಬೇಕು, ಹೇಳು."