ಪಾಪಮ್ಮನ ಬಾವಿಯ ಸೀಸ

ಇದ್ದರೆ? ನಿಜವಾಗಿ ಇದ್ದೇಬಿಟ್ಟಿದ್ದರೆ? ಇಲ್ಲ ಅನ್ನುವುದಾದರೆ ಆ ಮೆಟ್ಟಿಲು ಅಲ್ಲಿಗೆ ಎಲ್ಲಿಂದ ಬಂತು? ಬಸ್ಸಿನ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಸೋಮಲಿಂಗಪ್ಪ ಇದನ್ನೇ ತಿರುಗಿಸಿ ತಿರುಗಿಸಿ ಕೇಳಿಕೊಳ್ಳುತ್ತಿದ್ದ. ವಿಜಯನಗರದಲ್ಲಿ ಇಳಿಯಬೇಕಾದ ಸ್ಟಾಪು ಬಂತು, ಹೋಯಿತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ. ನಡೆದಷ್ಟು ಹೊತ್ತು ಮನೆಯೊಡತಿ ಪಾಪಮ್ಮನವರ ಮುಖ ನೋಡುವುದು ತಪ್ಪುತ್ತದಲ್ಲ, ಅದೇ ಸಮಾಧಾನ.

ಅವನು ದಾವಣಗೆರೆ ಕಡೆಯವನು. ಎಂ.ಎಸ್ಸಿ. ಮುಗಿಸಿ ಪ್ರೊಫೆಸರ್ ಗುರುಸಿದ್ದಯ್ಯನವರ ಕೈಕೆಳಗೆ ಸಂಶೋಧನೆಗೆ ಸೇರಿದ್ದ. ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ಕೊಳವೆಯಿಂದ ಪಾದರಸ ಹನಿಹನಿಯಾಗಿ ನೀರಿನೊಳಗೆ ಉದುರುತ್ತದೆ. ಆ ಹನಿಗೆ ವಿದ್ಯುತ್ತಿನ ಒತ್ತಡವನ್ನು ಮೆಲ್ಲಗೆ ಏರಿಸುತ್ತ ಹೋದರೆ, ನೀರಿನಲ್ಲಿ ಕರಗಿರುವ ಲೋಹ ತನ್ನ ಸರದಿ ಬಂದಾಗ ಕಾಗದದ ಮೇಲಿನ ಗೆರೆಯಲ್ಲಿ ಒಂದು ಮೆಟ್ಟಿಲು ಮೂಡಿಸುತ್ತದೆ. ತಾಮ್ರಕ್ಕೆ ಅದರದೇ ಜಾಗ, ಸೀಸಕ್ಕೆ ಅದರದೇ ಜಾಗ. ಪಕ್ಕದಲ್ಲಿ ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಹನಿ ನಡುಗಿ ಗೆರೆ ಕೆಡುತ್ತದೆ. ಮಾತು ಬರದವನಿಗೆ ಹೇಳಿ ಮಾಡಿಸಿದ ಕೆಲಸ.

ಸೀಸವನ್ನು ತಾನೇ ಕರಗಿಸಿ ತಾನೇ ಹುಡುಕುತ್ತಿದ್ದವನನ್ನು ಪ್ರೊಫೆಸರ್ ಒಂದು ದಿನ ರೇಗಿಸಿದ್ದರು: "ನೀನೇ ಬಚ್ಚಿಟ್ಟು ನೀನೇ ಹುಡುಕೋದು ಯಾವ ಆಟವಯ್ಯ? ಹೊರಗಿನ ನೀರು ತಾ." ಅವನಿಗೆ ಗೊತ್ತಿದ್ದ ಹೊರಗಿನ ನೀರು ಒಂದೇ, ತಾನು ಬಾಡಿಗೆಗಿದ್ದ ಮನೆಯ ಬಾವಿಯದು. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಪಾಪಮ್ಮನವರಿಗೆ ಉಳಿದದ್ದು ಹೆಂಚಿನ ಮನೆ ಮತ್ತು ಆ ಬಾವಿ. ನಲ್ಲಿ ಬಾರದ ದಿನ ಹೊಸ ಮನೆಗಳ ಹೆಂಗಸರೆಲ್ಲ ಬಿಂದಿಗೆ ಹಿಡಿದು ಅಲ್ಲಿಗೇ ಬರುತ್ತಿದ್ದರು. ಪಾಪಮ್ಮ ಯಾರಿಗೂ ಇಲ್ಲ ಅಂದದ್ದಿಲ್ಲ.

ಮನೆಯಿಂದ ಒಯ್ದ ಬಾಟಲಿಯ ನೀರಿಗೆ ಆಮ್ಲ ಬೆರೆಸಿ ಪಾದರಸ ಬಿಟ್ಟಾಗ ಸೀಸದ ಜಾಗದಲ್ಲೇ ಮೆಟ್ಟಿಲು ಎದ್ದು ನಿಂತಿತು. ಪ್ರೊಫೆಸರ್ ಬೆನ್ನು ತಟ್ಟಿದರು. "ಸೋಮವಾರ ಇನ್ನೊಂದು ಸಲ ನೋಡ್ಬಿಡು. ಹೆಲ್ತ್ ಆಫೀಸರು ನಮ್ಮ ಪರಿಚಯದವರೇ. ಬಾವಿ ಮುಚ್ಚಿಸಲೇಬೇಕು, ಮಕ್ಕಳು ಕುಡಿಯೋ ನೀರು." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಬೇರೆ: ಮೆಟ್ಟಿಲು ಕಂಡ ಗಳಿಗೆಯಲ್ಲಿ ಅವನಿಗೆ ಖುಷಿಯಾಗಿತ್ತು.

ಮನೆಗೆ ಬಂದಾಗ ಪಾಪಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನಿಂತಲ್ಲೇ ಹೇಳಿಬಿಟ್ಟ.

"ಅಮ್ಮಾ, ಬಾವಿ ನೀರು ಎರಡು ದಿನ ಯಾರೂ ಕುಡೀಬೇಡಿ. ಅದ್ರಲ್ಲಿ ಸೀಸ ಇದ್ದಂಗಿದೆ."

ಮೊರ ನಿಂತಿತು. "ಸೀಸೇನಾ? ನಮ್ಮ ಬಾವೀಲಾ? ಯಾವ ಮನೆಹಾಳ ಹಾಕ್ದ?"

"ಯಾರೂ ಹಾಕಿಲ್ಲ. ಅದಾಗೇ..."

"ಅದಾಗೇ ಹೆಂಗ್ ಬೀಳ್ತದೆ? ಸೀಸೆಗೇನ್ ಕಾಲು ಬಂದವಾ?"

ಸೀಸ ಅಂದರೆ ಬಾಟಲಿ ಅಲ್ಲ ಅನ್ನುವಷ್ಟರಲ್ಲಿ ಅವರು ಮೈದುನ ಕೆಂಚಪ್ಪನನ್ನು ಕೂಗುತ್ತ ಹಿತ್ತಿಲಿಗೆ ಹೋಗಿಯಾಗಿತ್ತು. ಹೋಗಲಿ, ಹೇಗೂ ನೀರು ಕುಡಿಯುವುದಂತೂ ನಿಂತಿತು ಎಂದುಕೊಂಡು ಸೋಮಲಿಂಗಪ್ಪ ರೂಮಿನ ಚಿಲಕ ಹಾಕಿಕೊಂಡ.

ಭಾನುವಾರ ಬೆಳಿಗ್ಗೆ ನೋಡಿದರೆ ಬಾವಿಯ ಸುತ್ತ ಬೀದಿಗೆ ಬೀದಿಯೇ ನೆರೆದಿದೆ. ಕೆಂಚಪ್ಪ ಸೊಂಟಕ್ಕೆ ಹಗ್ಗ ಬಿಗಿದು ಒಳಗಿಳಿದಿದ್ದಾನೆ. ಎದುರುಮನೆಯ ಕಲ್ಯಾಣಮ್ಮ ಖಾಲಿ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಬಾವಿಯೊಳಕ್ಕೆ ಬಗ್ಗಿದರು.

"ಕೆಂಚಪ್ಪಾ, ಸಿಕ್ಕಿದ್ರೆ ಮೂಸಿ ನೋಡಪ್ಪ. ಬ್ರಾಂದಿನೋ ಫಿನಾಯಿಲೋ ಗೊತ್ತಾಗುತ್ತೆ."

ಒಳಗಿನಿಂದ ದನಿ ಬಂತು: "ಬ್ರಾಂದಿ ಆದ್ರೆ ನಾನು ಮೇಲಕ್ಕೆ ಬರೋದು ತಡ ಆಯ್ತದೆ ಕಣಕ್ಕ!"

ಮೇಲೆ ಬಂದವನ ಕೈಯಲ್ಲಿ ತುಕ್ಕು ಹಿಡಿದ ಬಕೆಟ್ಟಿನ ಹಿಡಿ, ಒಂದು ರಬ್ಬರ್ ಚೆಂಡು. ಸೀಸೆ ಇಲ್ಲ. "ಏನ್ ಸೋಮಣ್ಣ, ಕಾಲೇಜಲ್ಲಿ ಕೂತು ನಿಂಗೆ ಕಂಡಿದ್ದು ಬಾವಿ ಒಳಗಿದ್ದ ನಂಗೆ ಕಾಣಲಿಲ್ವಲ್ಲ?" ಎಲ್ಲರೂ ನಕ್ಕರು.

ಸೋಮಲಿಂಗಪ್ಪನಿಗೆ ಈಗ ಬಾಯಿ ಬಿಡದೆ ವಿಧಿಯಿರಲಿಲ್ಲ. "ಬಾಟ್ಲಿ ಅಲ್ಲಣ್ಣ, ಲೋಹ. ಮೀನಿನ ಬಲೆಗೆ ಗುಂಡು ಕಟ್ತಾರಲ್ಲ, ಆ ಸೀಸ. ಕರಗಿದ್ರೆ ಕಣ್ಣಿಗೆ ಕಾಣಲ್ಲ. ಗುರುವಾರ ನಾನು ಇಲ್ಲಿಂದ ತುಂಬಿಟ್ಟುಕೊಂಡ ನೀರಲ್ಲಿ ಇತ್ತು."

ಪಾಪಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. "ಗುರುವಾರಾನಾ? ಜಗಲಿ ಮೇಲಿಟ್ಟಿದ್ಯಲ್ಲ, ಆ ಸೀಸೆ ನೀರಾ?"

"ಹೂಂ."

"ಅದನ್ನ ನಾನು ಚೆಲ್ದೆ ಕಣಪ್ಪ."

"ಚೆಲ್ಲಿದ್ರಾ? ಯಾಕಮ್ಮ?"

"ಮತ್ತೇನ್ ಮಾಡ್ಲಿ? ರಾತ್ರಿಯೆಲ್ಲ ಕೆಮ್ತಾ ಇದ್ದೆ ನೀನು. ಆ ಹಸಿನೀರು ಕಾಲೇಜಿಗೆ ಒಯ್ದು ಕುಡುದ್ರೆ ಎದೆ ಕಟ್ಕೊಳ್ಳಕಿಲ್ವಾ? ಬೆಳಿಗ್ಗೆದ್ದು ಕೊಳಗದಲ್ಲಿ ಬೇರೆ ನೀರು ಕಾಸಿ, ನಿಂಬೆಹಣ್ಣು ಹಿಂಡಿ, ಬಟ್ಟೇಲಿ ಸೋಸಿ ತುಂಬಿಟ್ಟೆ. ಯಾಕೆ, ಕುಡೀಲಿಲ್ವಾ ನೀನು?"

ಆ ಕೊಳಗ ಅವನಿಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಕಲಾಯಿಯವನು ಬೀದಿಯಲ್ಲಿ ತಿದಿ ಒತ್ತುತ್ತ ಕೂತು ಅದರ ಒಳಮೈಗೆಲ್ಲ ಬೆಳ್ಳಿಯಂತೆ ತವರ ಬಳಿದು ಕೊಟ್ಟಿದ್ದ. ತವರ! ಆಮ್ಲದಲ್ಲಿ ತವರವೂ ಸೀಸವೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಮೆಟ್ಟಿಲು ಹಾಕುತ್ತವೆ. ಪುಸ್ತಕದಲ್ಲಿ ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಬಾವಿ ನೀರಿಗೆ ತವರ ಎಲ್ಲಿಂದ ಬರಬೇಕು ಎಂದು ಆ ಕಡೆ ಯೋಚಿಸಿಯೇ ಇರಲಿಲ್ಲ. ಬಿಸಿನೀರಿನಲ್ಲಿ ನಿಂಬೆಯ ಹುಳಿ ಹೊಸ ಕಲಾಯಿಯನ್ನು ಅಷ್ಟಿಷ್ಟು ಕರಗಿಸಿತ್ತು. ಅವನು ತಾನೂ ಆಮ್ಲ ಸುರಿದಿದ್ದರಿಂದ ಆ ಹುಳಿ ತಿಳಿಯುವಂತೆಯೂ ಇರಲಿಲ್ಲ.

ಆದರೆ ಇದೆಲ್ಲ ಊಹೆ. ಅವನು ಎಲ್ಲರೆದುರಿಗೇ ಬಾವಿಯಿಂದ ನೀರು ಸೇದಿ ಹೊಸ ಬಾಟಲಿ ತುಂಬಿಕೊಂಡ. ರಾತ್ರಿ ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದ.

ಸೋಮವಾರ ಎರಡು ನೀರನ್ನೂ ಕ್ಷಾರದಲ್ಲಿ ಬೆರೆಸಿ ನೋಡಿದ. ಕ್ಷಾರದಲ್ಲಿ ಸೀಸ ತವರದ ಹಿಂದೆ ಅಡಗಿ ಕೂರಲಾರದು, ಇದ್ದರೆ ಬೇರೆಯಾಗಿಯೇ ಕಾಣಬೇಕು. ಪಾದರಸ ಉದುರುತ್ತಿತ್ತು, ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಹಳೆಯ ಬಾಟಲಿಯಲ್ಲಿ ಉಳಿದಿದ್ದ ಕೊಳಗದ ನೀರು ಸೀಸದ ಜಾಗವನ್ನು ಸಪಾಟಾಗಿ ದಾಟಿಹೋಯಿತು. ಬಾವಿಯ ನೀರೂ ಹಾಗೆಯೇ. ಆಮೇಲೆ ಬಾವಿಯ ನೀರನ್ನು ಆಮ್ಲದಲ್ಲೂ ನೋಡಿದ. ಅಲ್ಲೂ ಏನಿಲ್ಲ. ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಏನೂ ಇಲ್ಲದ ಗೆರೆ ನೋಡಿ ಕಣ್ಣು ಒದ್ದೆಯಾದದ್ದು ಅವನಿಗೆ ಅದೇ ಮೊದಲು.

ಪ್ರೊಫೆಸರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ನಗತೊಡಗಿದರು. ನಮ್ಮಮ್ಮನೂ ಹುಳಿಗೆ ಕಲಾಯಿ ಪಾತ್ರೇನೇ ಇಡ್ತಿದ್ದಳು ಕಣಯ್ಯ ಅಂದರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಹೊಳೀಲಿಲ್ವಲ್ಲಯ್ಯ ನಮಗೆ." ನಿನಗೆ ಅನ್ನಬಹುದಿತ್ತು. ಅನ್ನಲಿಲ್ಲ. ಆ ಒಂದು 'ನಮಗೆ'ಯನ್ನು ಸೋಮಲಿಂಗಪ್ಪ ಜೋಪಾನವಾಗಿ ಹೊತ್ತುಕೊಂಡು ಬಸ್ಸು ಹತ್ತಿದ.

ಪಾಪಮ್ಮ ಬಾಗಿಲಲ್ಲೇ ಕಾದಿದ್ದರು. ಎರಡು ದಿನದಿಂದ ಹಗ್ಗ ರಾಟೆಯ ಮೇಲೆ ಸುತ್ತಿಟ್ಟಂತೆಯೇ ಇತ್ತು.

"ಬಾವೀಲಿ ಏನೂ ಇಲ್ಲ ಅಮ್ಮ. ಧೈರ್ಯವಾಗಿ ಕುಡೀರಿ, ಎಲ್ಲರಿಗೂ ಹೇಳಿ."

"ದೇವರು ದೊಡ್ಡವನು." ಅವರು ಕಂಬಕ್ಕೆ ಒರಗಿ ಉಸಿರು ಬಿಟ್ಟರು. "ಮತ್ತೆ ಆ ಸೀಸೇಲಿ ಏನಿತ್ತಂತೆ?"

"ತವರ. ಅದು ವಿಷ ಅಲ್ಲ. ನಿಮ್ಮ ಕೊಳಗದ್ದು."

"ತವರಾ?" ಪಾಪಮ್ಮನವರ ಮುಖ ಅರಳಿತು. "ಹೂಂ ಮತ್ತೆ! ನಮ್ಮಪ್ಪ ಕೆಂಗೇರಿ ಸಂತೇಲಿ ತಂದು ಮದುವೇಲಿ ಕೊಟ್ಟ ಕೊಳಗ ಅದು. ತವರಿನ ಗುಣ ನೀರಲ್ಲೂ ಕಾಣುಸ್ತಾ ನಿಮ್ಮ ಮಿಷನ್ನಿಗೆ?"

ತವರ ಬೇರೆ, ತವರು ಬೇರೆ. ತಿದ್ದಲು ಬಾಯಿ ತೆರೆದ. ಅವರು ಆಗಲೇ ಕಲ್ಯಾಣಮ್ಮನನ್ನು ಕೂಗಿ ಕರೆಯುತ್ತಿದ್ದರು, ನೀರಿಗೆ ಬಾರವ್ವ ಅಂತಲೂ, ನಮ್ಮಪ್ಪನ ಕೊಳಗದ ವಿಷಯ ಕೇಳಿದ್ಯಾ ಅಂತಲೂ. ಸ್ವಲ್ಪ ಹೊತ್ತಿಗೆ ರಾಟೆ ಕಿರುಗುಟ್ಟತೊಡಗಿತು.

ಸೋಮಲಿಂಗಪ್ಪ ಆ ಮನೆಯಲ್ಲಿ ಇನ್ನೂ ಮೂರು ವರ್ಷ ಇದ್ದ. ಅಲ್ಲಿದ್ದೇ ಪದವಿ ಪಡೆದ. ಪ್ರಬಂಧದ ಮೊದಲ ಪುಟದಲ್ಲಿ ಯಾರ ಯಾರನ್ನೋ ನೆನೆದು ಉಪಕಾರ ಹೇಳಿದ. ಗೋಡೆಯಾಚೆ ಒಬ್ಬರು ನಿದ್ದೆಗೆಟ್ಟು ತನ್ನ ಕೆಮ್ಮನ್ನು ಕೇಳಿಸಿಕೊಂಡಿದ್ದರು ಅನ್ನುವುದು ತನಗೆ ಎಷ್ಟು ದೊಡ್ಡದಾಗಿತ್ತು ಎಂದು ಮಾತ್ರ ಅವನು ಪಾಪಮ್ಮನವರಿಗೆ ಯಾವತ್ತೂ ಹೇಳಲಿಲ್ಲ.